ಗಾಜಿನೊಳಗಿನ ಗಾಳಿ

ಗಂಡನ ಚೀಲಕ್ಕೆ ಬಟ್ಟೆ ತುರುಕುತ್ತಾ ಕೋಟಿನ ಮಾಸ್ತರರ ಹೆಂಡತಿ ಒಂದೇ ಒಂದು ಷರತ್ತು ಹಾಕಿದ್ದರು.

"ಹೋಗಿ ಮಗಳ ಕೆಲಸ ನೋಡ್ಕೊಂಡು ಬನ್ನಿ. ನೋಡಿ ಒಂದು ಒಳ್ಳೆ ಮಾತಾಡಿ. ಆಡದೆ ಬಂದ್ರೆ ಈ ಬಾಗಿಲು ತೆಗೆಯೋಳು ನಾನಲ್ಲ. ಅಂಗಡೀಲೇ ಮಷಿನ್ ತಬ್ಕೊಂಡು ಮಲಗಿ."

"ಚೆನ್ನಾಗಿಲ್ದೇ ಇದ್ರೆ?"

"ಚೆನ್ನಾಗಿ ಕಾಣೋವರೆಗೂ ನೋಡಿ."

ಮಾಸ್ತರರು ಪಾಠ ಹೇಳುವ ಮಾಸ್ತರರಲ್ಲ, ದರ್ಜಿ. ಊರಲ್ಲಿ ಮೈಮೇಲೆ ಕೋಟು ಇದ್ದವರೆಲ್ಲ ಒಂದಲ್ಲ ಒಂದು ಸಲ ಅವರ ಮುಂದೆ ಕೈ ಅಗಲಿಸಿ ನಿಂತವರೇ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂದೇನಲ್ಲ. 'ನಾಳೆ ಖಂಡಿತ ಕೊಡ್ತೀನಿ' ಎಂಬ ಸುಳ್ಳನ್ನು ದಿನಾ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಆದರೆ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಮಾತ್ರ ಆ ನಾಲಿಗೆ ಹೊರಳುತ್ತಿರಲಿಲ್ಲ. ಅವರ ಅಂಗಡಿಯ ಪದ್ಧತಿಯೇ ಬೇರೆ ಇತ್ತು. ಹೊಲಿದು ಮುಗಿದ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ, ಬೀದಿಗೆ ಕಾಣುವಂತೆ ನೇತುಹಾಕುತ್ತಿದ್ದರು. ಅಸ್ತರಿ, ಅಂಚು, ಗಂಟು ಎಲ್ಲವನ್ನೂ ಹೋಗಿಬರುವವರೆಲ್ಲ ನೋಡಲಿ ಎಂದು. "ಒಳಗೆ ನೆಟ್ಟಗಿದ್ರೆ ಹೊರಗೆ ತಾನಾಗೇ ನೆಟ್ಟಗಿರತ್ತೆ" ಎನ್ನುವುದು ಅವರ ವೇದಾಂತ. ಕೋಟುಗಳಿಗೂ ಅದೇ, ಮನುಷ್ಯರಿಗೂ ಅದೇ.

ಒಬ್ಬಳೇ ಮಗಳು. ಆ ಅಂಗಡಿಯಲ್ಲೇ, ಮಷಿನ್ನಿನ ಕಾಲಬುಡದಲ್ಲೇ ಬೆಳೆದವಳು. ಅಪ್ಪ ಕೈ ಚಾಚಿದರೆ ಸಾಕು, ಗುಂಡುಸೂಜಿ ಬೇಕೋ ಸೀಮೆಸುಣ್ಣ ಬೇಕೋ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅಂಗಡಿ ಅವಳದೇ ಎಂದು ಮಾಸ್ತರರು ಮನಸ್ಸಿನಲ್ಲೇ ಬರೆದುಕೊಟ್ಟಾಗಿತ್ತು. ಆದರೆ ಅವಳು ಒಂದು ದಿನ, ದೊಡ್ಡ ನಗರದ ಮಾಲ್‌ಗಳಲ್ಲಿ ಗಾಜಿನ ಕಿಟಕಿ ಸಿಂಗರಿಸುವ ಕೆಲಸ ಸಿಕ್ಕಿದೆ, ಹೋಗುತ್ತೇನೆ ಎಂದಳು. ಮಾಸ್ತರರು ಗಿರಾಕಿಗಳೆದುರೇ, "ಕೋಟು ಹೊಲಿಯೋ ಕೈ ಗೊಂಬೆಗೆ ಬಟ್ಟೆ ಉಡಿಸೋಕೆ ಹೊರಟಿದೆ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ವರ್ಷಗಟ್ಟಲೆ ಅಪ್ಪ-ಮಗಳು ಫೋನಿನಲ್ಲಿ ಮಾತಾಡಿದ್ದೆಲ್ಲ ಬಿಸಿಲು, ಚಳಿ, ಅಮ್ಮನ ಮಂಡಿನೋವು ಅಷ್ಟೇ. ಈಗ ಅವಳೇ ಕರೆದಿದ್ದಳು: ಹೊಸ ಮಾಲಿನಲ್ಲಿ ದೊಡ್ಡ ಕಿಟಕಿ ಮಾಡುತ್ತಿದ್ದೇನೆ, ಪರದೆ ತೆಗೆಯುವ ದಿನ ಅಪ್ಪ ಬರಲಿ.

ಬಸ್ಸಿನಿಂದ ಇಳಿದವರನ್ನು ಮಗಳು ದೂರದಿಂದಲೇ ಗುರುತಿಸಿದಳು. ಬೆಳಗಿನ ಕೊರೆಯುವ ಗಾಳಿಗೆ ಎಲ್ಲರೂ ಮುದುಡಿಕೊಂಡಿದ್ದರೆ ಇವರೊಬ್ಬರೇ ಕೋಟಿನ ಮೇಲಿನ ಗುಂಡಿ ಬಿಚ್ಚಿಕೊಂಡು ಎದೆಯುಬ್ಬಿಸಿ ನಿಂತಿದ್ದರು.

"ಗುಂಡಿ ಹಾಕ್ಕೊಳ್ಳಪ್ಪ. ಗಾಳಿ."

"ಇದೆಲ್ಲ ಒಂದು ಗಾಳೀನಾ? ಅಂಥಾ ಗಾಳಿ ಬರ್ಲಿ, ಹಾಕ್ಕೊಳ್ಳೋಣ."

ಇಬ್ಬರಿಗೂ ನಗು ಬಂತು. ಇದು ಅವಳು ಚಿಕ್ಕವಳಿದ್ದಾಗಿನಿಂದ ನಡೆದುಬಂದ ಸಂಭಾಷಣೆ. ಹೆಂಡತಿ ಬೈದರೂ, ಕೆಮ್ಮು ಬಂದರೂ, ಆ ಮೇಲಿನ ಗುಂಡಿಯನ್ನು ಮಾಸ್ತರರು ಹಾಕಿದ್ದನ್ನು ಕಂಡವರಿಲ್ಲ. ಅದಕ್ಕೆ ತಕ್ಕ ಗಾಳಿ ಇನ್ನೂ ಹುಟ್ಟಿರಲಿಲ್ಲ.

"ಈ ಊರಲ್ಲಿ ನೋಡ್ಬೇಕಾದ ಮಾಲ್ ಬೇಕಾದಷ್ಟಿವೆ" ಎಂದಳು ಮಗಳು. "ನನ್ನ ಕೈಕೆಲಸ ಇರೋ ಮೂರನ್ನ ತೋರಿಸ್ತೀನಿ. ಕೊನೇದು ಹೊಸದು. ಸಂಜೆ ಅಲ್ಲಿ ಪರದೆ ತೆಗೆದ ಮೇಲೆ ನಿನ್ನನ್ನ ಬಸ್ ಹತ್ತಿಸ್ತೀನಿ."

ಸಂಜೆಯೊಳಗೆ ಒಂದು ಒಳ್ಳೆ ಮಾತು, ಎಂದು ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅದೇನು ಮಹಾ.

ಮೊದಲನೆಯದು ಹಳೇ ಮಾಲ್. ಊರಿನ ಮೊತ್ತಮೊದಲ ಮಾಲಂತೆ. ಹೊರಗಿನಿಂದ ನೋಡಿದರೆ ಪಾರಿವಾಳದ ಗೂಡು, ಒಳಗೆ ಕಾಲಿಟ್ಟರೆ ಜೇನುಗೂಡು. ತಗ್ಗು ಸೂರು, ಕಿರಿದಾದ ಓಣಿಗಳು, ಎರಡೂ ಕಡೆ ಬಟ್ಟೆಯ ಥಾನುಗಳು ಸೂರು ಮುಟ್ಟುವಂತೆ ಪೇರಿಸಿದ್ದವು. ಮೂರನೇ ಅಂತಸ್ತಿಗೆ ಹೋದಾಗ ಮಾಸ್ತರರ ಕಾಲು ನಿಂತೇಹೋಯಿತು. ಆ ಅಂತಸ್ತಿನಲ್ಲಿ ಇದ್ದದ್ದು ಬರೀ ಗುಂಡಿಗಳ ಅಂಗಡಿ. ಚಿಪ್ಪಿನ ಗುಂಡಿ, ಕೊಂಬಿನ ಗುಂಡಿ, ಮರದ್ದು, ಹಿತ್ತಾಳೆಯದು, ಬಟಾಣಿ ಗಾತ್ರದ್ದು, ಬಾಗಿಲ ಹಿಡಿಯಷ್ಟು ದೊಡ್ಡದು. ಗಾಜಿನ ಭರಣಿಗಳಲ್ಲಿ, ಡ್ರಾಯರುಗಳಲ್ಲಿ, ಗೋಣಿಚೀಲಗಳಲ್ಲಿ. ಮಾಸ್ತರರು ಒಂದು ಚೀಲದೊಳಗೆ ಮೊಣಕೈವರೆಗೆ ತೋಳಿಳಿಸಿ ಕಣ್ಣು ಮುಚ್ಚಿ ನಿಂತರು. ಅಂಗಡಿಯಾಕೆ ಬೈಯಲಿಲ್ಲ. ದಿನಕ್ಕೆ ಇಂಥವರು ಹತ್ತಾರು ಮಂದಿ ಬರುತ್ತಾರೋ ಏನೋ.

"ಅಬ್ಬಬ್ಬಾ! ಜೀವಮಾನವಿಡೀ ನಾಲ್ಕು ಥರದ ಗುಂಡೀಲಿ ಸಂಸಾರ ಮಾಡಿದೆನಲ್ಲೇ ನಾನು!"

ಮಗಳು ಅವರನ್ನು ಮೆಲ್ಲಗೆ ಎಳೆದುಕೊಂಡು ಕೆಳಗಿನ ಮೂಲೆಗೆ ಕರೆತಂದಳು. ಅಲ್ಲಿ ಅವಳು ಮಾಡಿದ ಚಿಕ್ಕ ಕಿಟಕಿ ಇತ್ತು. ಒಂದು ಬಿಳಿ ಅಂಗಿ, ಕುರ್ಚಿಯ ಬೆನ್ನಿಗೆ ಯಾರೋ ಈಗಷ್ಟೇ ಬಿಚ್ಚಿ ಹಾಕಿಹೋದ ಹಾಗೆ. ಮಾಸ್ತರರಿಗೆ ಮನಸ್ಸು ಎಲ್ಲೋ ಒಂದು ಕಡೆ ಹಿತವಾಯಿತು. ಬಾಯಿ ತೆರೆದರು. ಬಂದ ಮಾತು ಮಾತ್ರ ಬೇರೆ: "ಆ ಗುಂಡಿ ಅಂತಸ್ತು ಇದೆಯಲ್ಲ, ಅದೊಂದು ಸ್ವರ್ಗ ಬಿಡು."

ಎರಡನೆಯದು ಮರದ ಮಾಲ್. ಒಳಗೇ ದೊಡ್ಡ ಮರಗಳು ಬೆಳೆದಿವೆ, ನಿಜವಾದವು. ಮಾಸ್ತರರು ನಂಬದೆ ಒಂದು ಎಲೆಯನ್ನು ಉಗುರಿನಿಂದ ಚಿವುಟಿ ನೋಡಿದರು. ಹಸಿರು ರಸ ಬಂತು. ಮರಗಳ ಸುತ್ತ ಅಂತಸ್ತಿನ ಮೇಲೆ ಅಂತಸ್ತು ಸುತ್ತಿಕೊಂಡು ಮೇಲೇರುತ್ತಿತ್ತು, ತುತ್ತತುದಿಯ ಗಾಜಿನ ಸೂರಿನಿಂದ ಬಿಸಿಲು ಎಲೆಗಳ ಸಂದಿನಲ್ಲಿ ಸೋಸಿ ಬೀಳುತ್ತಿತ್ತು. ಬೆಂಚುಗಳ ಮೇಲೆ ಕೊಳ್ಳುವವರಿಗಿಂತ ಕೊಳ್ಳದವರೇ ಜಾಸ್ತಿ. ಮುದುಕರು ಚದುರಂಗ ಆಡುತ್ತಿದ್ದರು, ಒಬ್ಬಳು ತಾಯಿ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಪರೀಕ್ಷೆಗೆ ಓದುವವರು ಪುಸ್ತಕ ಹರಡಿಕೊಂಡಿದ್ದರು, ಯಾರೂ ಯಾರನ್ನೂ ಏಳಿ ಎನ್ನುತ್ತಿರಲಿಲ್ಲ. ಇಷ್ಟೊಂದು ಜನ, ಇಷ್ಟೊಂದು ಬೆಳಕು, ಜಗಳವೇ ಇಲ್ಲ! ಮಾಸ್ತರರಿಗೆ ಸಂತೋಷವಾಯಿತು. ಮಾಲ್ ಎಂದರೆ ಜನರ ಕಿಸೆ ಕತ್ತರಿಸುವ ಜಾಗ ಎಂದು ತಿಳಿದು ಬಂದಿದ್ದರು. ಇದು ನೋಡಿದರೆ ಊರಿಗೊಂದು ದೊಡ್ಡ ಪಡಸಾಲೆ ಕಟ್ಟಿಕೊಟ್ಟ ಹಾಗಿದೆ.

ಮೇಲಕ್ಕೆ ಹತ್ತುವ ಮೆಟ್ಟಿಲನ್ನು ಹೊಗಳಿದರು. ನೆಲದ ಹೊಳಪನ್ನು ಹೊಗಳಿದರು. ಶೌಚಾಲಯಕ್ಕೆ ಹೋಗಿ ಬಂದು, "ನಮ್ಮ ಮನೆ ಅಡುಗೆಮನೆಗಿಂತ ಚೊಕ್ಕಟವಾಗಿದೆ, ನಿಮ್ಮಮ್ಮನ ಮುಂದೆ ಹೇಳಬೇಡ" ಎಂದರು. ಮಗಳು ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು. ತಾನು ಮಾಡಿದ ಕಿಟಕಿಯ ಮುಂದೆ ತಂದು ನಿಲ್ಲಿಸಿದಾಗ ಮಾತ್ರ ಉಸಿರು ಹಿಡಿದು ನಿಂತಳು. ಗಾಜಿನೊಳಗೆ ಉದ್ದನೆಯ ಹಸಿರು ನಿಲುವಂಗಿ ತೊಟ್ಟ ಗೊಂಬೆಯೊಂದು ಬಗ್ಗಿ ನೆಲದ ಎಲೆ ಹೆಕ್ಕುತ್ತಿತ್ತು. ಬಗ್ಗಿದ ಬೆನ್ನಿನ ಮೇಲೆ ಬಟ್ಟೆ ನೀರಿನಂತೆ ಜಾರಿತ್ತು.

ಮಾಸ್ತರರು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಒಳಗಡೆ ಹೇಗಿದೆ?"

"ಒಳಗಡೆ ಯಾರು ನೋಡ್ತಾರಪ್ಪ?"

ಮುಗಿಯಿತು. ತುಟಿಯಂಚಿನವರೆಗೆ ಬಂದಿದ್ದ ಒಳ್ಳೆ ಮಾತು ಮತ್ತೆ ಗಂಟಲೊಳಗೆ ಇಳಿಯಿತು. ಮಗಳ ಮುಖ ಸಣ್ಣದಾದದ್ದು ಅವರಿಗೂ ಕಂಡಿತು. ಪಾಪ, ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವ ಸ್ಥಿತಿ ಅವಳದ್ದು. ಮೆಟ್ಟಿಲು, ನೆಲ, ಕೊನೆಗೆ ಕಕ್ಕಸನ್ನೂ ಹೊಗಳಿದ ಬಾಯಿಗೆ ಹೆತ್ತ ಮಗಳನ್ನು ಹೊಗಳಲು ಏನು ರೋಗ ಎಂದು ಮಾಸ್ತರರು ತಮ್ಮನ್ನೇ ಬೈದುಕೊಂಡರು. ಬೈದುಕೊಂಡರೆ ಮಾತು ಹುಟ್ಟುತ್ತದೆಯೇ?

ಮೂರನೆಯ ಮಾಲ್ ಗಾಜಿನದು. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಮೋಡಗಳು ಅದರ ಮೈಮೇಲೆಯೇ ನಡೆದುಹೋಗುತ್ತಿದ್ದವು. ಒಳಗೆ ಅದೆಂಥಾ ವಿಶಾಲ! ನಡುಮಧ್ಯದ ಅಂಗಳದ ಸುತ್ತ ಅಂಗಡಿಗಳು ಹೊಳೆಯುತ್ತಿದ್ದವು, ಎಲ್ಲಿಂದಲೋ ಹೊಸ ಚರ್ಮದ, ಹೊಸ ಬಣ್ಣದ ವಾಸನೆ ಬರುತ್ತಿತ್ತು. ಅಂಗಳಕ್ಕೆ ಮುಖಮಾಡಿದ ಅತಿದೊಡ್ಡ ಕಿಟಕಿಗೆ ಕಪ್ಪು ಪರದೆ ಇಳಿಬಿಟ್ಟಿತ್ತು. ಅದರ ಮುಂದೆ ಆಗಲೇ ಜನ ಸೇರತೊಡಗಿದ್ದರು.

ಮಗಳು ಹಿಂಬಾಗಿಲಿನಿಂದ ಅವರನ್ನು ಕಿಟಕಿಯೊಳಗೆ ಕರೆದೊಯ್ದಳು. ಒಂದು ಕೋಣೆಯಷ್ಟು ಜಾಗ. ಒಂದೇ ಮಂಕು ದೀಪ. ಗೊಂಬೆಗಳು ಪರದೆಯತ್ತ ಮುಖ ಮಾಡಿ, ಇವರತ್ತ ಬೆನ್ನು ತಿರುಗಿಸಿ ನಿಂತಿದ್ದವು. ಅಜ್ಜ, ಅಜ್ಜಿ, ಹರೆಯದ ಹೆಣ್ಣು. ಬೂದುಬಣ್ಣದ ಉದ್ದ ಕೋಟು ತೊಟ್ಟದ್ದು ಅಜ್ಜ ಗೊಂಬೆ.

"ದೀಪ ಹಾಕೋರಿಗೆ ಹೇಳಿ ಬರ್ತೀನಿ. ಇಲ್ಲೇ ಕೂತಿರು. ಏನೂ ಮುಟ್ಬೇಡಪ್ಪ."

ದರ್ಜಿಗೆ ಬಟ್ಟೆ ಮುಟ್ಟಬೇಡ ಎನ್ನುವುದೂ ಬೆಕ್ಕಿಗೆ ಹಾಲು ಕಾಯಲು ಹೇಳುವುದೂ ಒಂದೇ. ಅವಳ ಹೆಜ್ಜೆ ಸದ್ದು ಅಡಗುವುದರೊಳಗೆ ಮಾಸ್ತರರು ಆ ಕೋಟಿನ ಹಿಂದೆ ಇದ್ದರು, ಅಕ್ಕಪಕ್ಕದ ಗೊಂಬೆಗಳ ಮೇಲೆ ಕಣ್ಣೇ ಹೋಗಲಿಲ್ಲ. ಒಳ್ಳೆ ಉಣ್ಣೆ, ಒಳ್ಳೆ ಕತ್ತರಿಕೆ. ಆದರೆ ಬೆನ್ನು! ಬೆನ್ನ ತುಂಬಾ ಗುಂಡುಸೂಜಿಗಳು. ಇಲ್ಲಿ ಬಟ್ಟೆ ಚಿವುಟಿ ಹಿಡಿದಿದೆ, ಅಲ್ಲೊಂದು ಮಡಿಕೆ, ಅಂಚು ಒಂದು ಕಡೆ ಎತ್ತಿಹೋಗಿದೆ, ಸೊಂಟದಲ್ಲಿ ಸೊಟ್ಟಗೆ ಎಳೆದಿದೆ. ಕಣ್ಣಿಗೆ ಕಾಣದಷ್ಟು ತೆಳ್ಳನೆಯ ದಾರವೊಂದು ಕೋಟಿನ ತುದಿಯಿಂದ ಹೊರಟು ಗೋಡೆಯ ಕೊಕ್ಕೆಗೆ ಸೇರಿತ್ತು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದರೆ ಇದೇ.

ಮಾಸ್ತರರಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ತನ್ನ ಮಗಳು! ಅವಸರದಲ್ಲಿ ಹೀಗೆ ಮಾಡಿದ್ದಾಳೆ, ಎಷ್ಟಾದರೂ ಒಬ್ಬಳೇ, ಪಾಪ. ಇಷ್ಟು ಜನರ ಮುಂದೆ ಅವಳ ಮಾನ ಹೋಗಬಾರದು. ಒಳ್ಳೆ ಮಾತು ಆಡಲಾಗದಿದ್ದರೆ ಹೋಗಲಿ, ಒಳ್ಳೆ ಕೆಲಸವನ್ನಾದರೂ ಮಾಡಿಕೊಡೋಣ. ಅವರ ಕೋಟಿನ ಕಾಲರಿನ ಅಡಿಯಲ್ಲಿ ದಾರ ಪೋಣಿಸಿದ ಸೂಜಿ ಯಾವಾಗಲೂ ಇರುತ್ತಿತ್ತು. ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಸೇರಿಸಿದರು, ಆ ದಾರ ಬಿಚ್ಚಿದರು, ಸೊಂಟದ ಎರಡೂ ಬದಿ ಸಮವಾಗಿ ಹಿಡಿದು, ಆ ಮಂಕು ಬೆಳಕಿನಲ್ಲಿ ಸರಸರ ಕಚ್ಚಾ ಹೊಲಿಗೆ ಹಾಕಿದರು. ಕೈ ಸವರಿದರು. ಕೋಟು ಅಳತೆಗೋಲು ಇಟ್ಟ ಹಾಗೆ ನೆಟ್ಟಗೆ ಇಳಿದು ನಿಂತಿತು.

ಮಗಳು ಒಳಗೆ ಬಂದವಳು ನಿಂತಲ್ಲೇ ನಿಂತಳು.

"ಅಪ್ಪಾ, ಗಾಳಿ ಎಲ್ಲಿ?"

ಮಾಸ್ತರರು ಬಾಯಿಂದ ಗುಂಡುಸೂಜಿ ತೆಗೆದರು. "ಯಾವ ಗಾಳಿ?"

ಅವಳು ಅವರ ಭುಜ ಹಿಡಿದು ಗೊಂಬೆಗಳ ಮುಂದಕ್ಕೆ, ಪರದೆಗೂ ಗೊಂಬೆಗಳಿಗೂ ನಡುವಿನ ಕಿರಿದಾದ ಜಾಗಕ್ಕೆ ತಂದು ನಿಲ್ಲಿಸಿದಳು. ಆಗ ಕಂಡಿತು. ಅಜ್ಜಿಯ ಶಾಲು ಹಿಂದಕ್ಕೆ ಹಾರಿ ನೆಟ್ಟಗೆ ನಿಂತಿದೆ. ಹೆಣ್ಣಿನ ಟೋಪಿ ತಲೆಯಿಂದ ಕಿತ್ತು ಗಾಳಿಯಲ್ಲೇ ತೇಲುತ್ತಿದೆ, ಅವಳ ಕೈ ಅದರ ಹಿಂದೆ ಚಾಚಿದೆ. ಮೂವರೂ ಎದುರುಗಾಳಿಗೆ ಮೈಯೊಡ್ಡಿ ಮುಂದಕ್ಕೆ ಬಾಗಿದ್ದಾರೆ. ನಡುವೆ ಅಜ್ಜನ ಕೋಟೊಂದು ಮಾತ್ರ, ಗಾಳಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಇಸ್ತ್ರಿ ಮಾಡಿ ಮೊಳೆಗೆ ಹಾಕಿದ ಹಾಗೆ ಬಿದ್ದಿದೆ. ಆ ಒಂದು ಕೋಟಿನಿಂದಾಗಿ ಉಳಿದವರಿಬ್ಬರೂ ಸುಮ್ಮನೆ ಮುಗ್ಗರಿಸಿದವರ ಹಾಗೆ ಕಾಣುತ್ತಿದ್ದರು. ಗಾಳಿಯನ್ನು ಮಾಸ್ತರರು ತಮ್ಮ ಕೈಯಾರೆ ಹೊಲಿದು ಮುಚ್ಚಿದ್ದರು.

ಇಂಗು ತಿಂದ ಮಂಗನ ಹಾಗಾಯಿತು ಅವರ ಸ್ಥಿತಿ. "ನಾನು... ಸರಿ ಮಾಡೋಣ ಅಂತ..."

"ಗೊತ್ತಪ್ಪ." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. ಹೊರಗಿನಿಂದ ಯಾರೋ ಗಾಜು ತಟ್ಟಿ, "ಇನ್ನೇನು ತೆಗೀತೀವಿ" ಎಂದು ಕೂಗಿದರು. ಅವಳು ಸೊಂಟದ ಪಟ್ಟಿಯಿಂದ ಪುಟ್ಟ ಕತ್ತರಿ ಎಳೆದಳು. "ಬಾ. ಗುಂಡುಸೂಜಿ ಬಾಯಲ್ಲಿಟ್ಕೋ. ನಾನು ಕೈ ಚಾಚಿದಾಗ ಕೊಡು."

ಅಪ್ಪನ ಹೊಲಿಗೆಯನ್ನು ಮಗಳು ಪರಪರ ಬಿಚ್ಚಿದಳು. ಮಾಸ್ತರರು ಮಂಡಿಯೂರಿ ಕುಳಿತು, ಅವಳು ಕೈ ಚಾಚಿದಾಗಲೆಲ್ಲ ಒಂದೊಂದೇ ಗುಂಡುಸೂಜಿ ಕೊಡುತ್ತಾ ಹೋದರು. ಹಿಂದೆ ಅವರು ಕೈ ಚಾಚುತ್ತಿದ್ದರು, ಅವಳು ಕೊಡುತ್ತಿದ್ದಳು. ಈಗ ಅವರು ಮೊದಲ ಸಲ ಅವಳ ಕೈಯನ್ನು ಸರಿಯಾಗಿ ನೋಡಿದರು. ಬಟ್ಟೆ ಚಿವುಟಿ ಹಿಡಿಯುವಲ್ಲಿ ಒಂದಿಷ್ಟೂ ತಡವರಿಕೆ ಇರಲಿಲ್ಲ. ಗಾಳಿ ಎದೆಗೆ ಹೊಡೆದು ಪಕ್ಕೆಯಲ್ಲಿ ನುಗ್ಗಿ ಬೆನ್ನ ಹಿಂದೆ ಎಲ್ಲಿ ಉಬ್ಬುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಲ್ಲವೂ ಆ ಬೆರಳುಗಳಿಗೆ ತಿಳಿದಿತ್ತು. ಆ ಮಡಿಕೆಗಳು ಅವಸರದವಲ್ಲ. ಒಂದೊಂದೂ ಅಳೆದು ತೂಗಿ ಇಟ್ಟದ್ದು. ಹುಳುಕು ಎಂದು ತಾವು ಕಿತ್ತುಹಾಕಿದ್ದೇ ಅವಳ ಅಸಲು ಕಸುಬು ಎಂದು ಮಾಸ್ತರರಿಗೆ ಅರಿವಾಯಿತು. ಅರಿವಾದಂತೆ ಎದೆ ತುಂಬಿ ಬಂತು, ಹೇಳೋಣವೆಂದರೆ ಬಾಯಿ ತುಂಬಾ ಗುಂಡುಸೂಜಿ.

ಕೊನೆಗೆ ಅವರ ಬಾಯಲ್ಲಿ ನಾಲ್ಕಾರು ಗುಂಡುಸೂಜಿ ಮಿಕ್ಕವು, ದಾರ ಕಟ್ಟುವುದೊಂದೇ ಉಳಿದಿತ್ತು. ಅವಳು ಕೋಟಿನ ತುದಿಯನ್ನು ಎಳೆದು ಅಪ್ಪನ ಕೈಗೆ ಕೊಟ್ಟಳು. "ಇಷ್ಟೇ ಎತ್ತರಕ್ಕೆ ಹಿಡ್ಕೋ. ಬಿಡಬೇಡ. ಮುಂದಿನಿಂದ ನೋಡಿ ಬಂದು ಕಟ್ತೀನಿ." ಹಿಂಬಾಗಿಲಿನಿಂದ ಓಡಿದಳು.

ಅವಳು ಅಂಗಳಕ್ಕೆ ತಲುಪುವುದಕ್ಕೂ ಪರದೆ ಮೇಲೇರುವುದಕ್ಕೂ ಸರಿಹೋಯಿತು.

ಪಕ್ಕನೆ ಬೆಳಕು. ಮಾಸ್ತರರು ಅಜ್ಜ ಗೊಂಬೆಯ ಹಿಂದೆ, ಒಂದು ಮಂಡಿ ನೆಲಕ್ಕೂರಿ, ಕೋಟಿನ ತುದಿ ಹಿಡಿದ ಭಂಗಿಯಲ್ಲೇ ಕಲ್ಲಾದರು. ಕೈ ಬಿಟ್ಟರೆ ಗಾಳಿ ನಿಲ್ಲುತ್ತದೆ. ಗಾಳಿ ನಿಂತರೆ ಮಗಳು ಸೋಲುತ್ತಾಳೆ. ಗಾಜಿನಾಚೆ ಸಾಲುಸಾಲು ಮುಖಗಳು. ಒಬ್ಬಳು ಇವರತ್ತಲೇ ಬೆರಳು ತೋರಿಸಿ ಪಕ್ಕದವನಿಗೆ ಏನೋ ಹೇಳಿದಳು. (ಆ ಮುದುಕನ ಗೊಂಬೆ ನೋಡು, ನಿಜವಾದ ಮನುಷ್ಯನ ಹಾಗೇ ಇದೆ, ಮುಖ ಮಾತ್ರ ಸ್ವಲ್ಪ ಸಿಡುಕು ಎಂದಳಂತೆ. ಇದು ಆಮೇಲೆ ಗೊತ್ತಾದದ್ದು.) ಮೂಗಿನ ತುದಿ ತುರಿಸತೊಡಗಿತು. ಮಾಸ್ತರರು ಉಸಿರನ್ನೂ ಕಂತಿನಲ್ಲಿ ಬಿಟ್ಟರು.

ಅಂಗಳದ ಆಚೆಬದಿಯಲ್ಲಿ ಒಂದು ಚಪ್ಪಲಿ ಅಂಗಡಿ ಇತ್ತು, ಗೋಡೆಯಿಡೀ ಕನ್ನಡಿ. ಜನರ ತಲೆಗಳ ಮೇಲಿಂದ ಆ ಕನ್ನಡಿಯಲ್ಲಿ ಮಾಸ್ತರರಿಗೆ ಇಡೀ ಕಿಟಕಿ ಕಂಡಿತು. ಕಂಡು ಅವರ ಕಣ್ಣು ಬಿಟ್ಟ ಹಾಗೇ ಉಳಿಯಿತು. ಗಾಳಿ ಬೀಸುತ್ತಿತ್ತು! ಎಲ್ಲೂ ಒಂದು ಎಳೆ ಅಲುಗುತ್ತಿಲ್ಲ, ಆದರೂ ಬೀಸುತ್ತಿತ್ತು. ಶಾಲು, ಟೋಪಿ, ಕೋಟು ಎಲ್ಲ ಒಂದೇ ಗಾಳಿಗೆ ಸಿಕ್ಕಿ ಒಂದೇ ಕಡೆಗೆ ಹಾರುತ್ತಿದ್ದವು. ಕೋಟಿನ ತುದಿ ಹಿಡಿದ ಮುದುಕನೊಬ್ಬ, ಹಾರಿಹೋಗುವ ಅಜ್ಜನನ್ನು ಹಿಡಿದು ನಿಲ್ಲಿಸುತ್ತಿದ್ದ. ಅದು ತಾವೇ ಎಂದು ತಿಳಿಯಲು ಅವರಿಗೆ ತುಸು ಹೊತ್ತು ಹಿಡಿಯಿತು.

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು, ಕೈಯ ಚೀಲಗಳನ್ನು ಕೆಳಗಿಟ್ಟು, ತನ್ನ ಶಾಲನ್ನು ಕತ್ತಿನ ಸುತ್ತ ಎಳೆದುಕೊಂಡಳು. ಎಳೆದುಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. ನಾಲ್ಕೂ ಕಡೆ ಮುಚ್ಚಿದ, ಒಂದು ಸೊಳ್ಳೆಯ ರೆಕ್ಕೆಯಷ್ಟೂ ಗಾಳಿಯಾಡದ ಆ ಅಂಗಳದಲ್ಲಿ ಅವಳಿಗೆ ಗಾಳಿ ತಗುಲಿತ್ತು.

ಮಾಸ್ತರರು ಮಗಳನ್ನು ಹುಡುಕಿದರು. ಜನರ ನಡುವೆ, ಎರಡೂ ಕೈ ಕೆನ್ನೆಗಿಟ್ಟು, ಅವಳು ಕಿಟಕಿಯನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು. ಇಷ್ಟು ದೊಡ್ಡ ಊರಲ್ಲಿ, ಇಷ್ಟು ಜನ ಬಾಯಿ ಬಿಟ್ಟುಕೊಂಡು ಮೆಚ್ಚುತ್ತಿರುವಾಗ, ಅವಳಿಗೆ ಬೇಕಾಗಿದ್ದದ್ದು ಗಾಜಿನೊಳಗೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಈ ಒಬ್ಬ ಮುದುಕನ ಮಾತು.

ಮಾಸ್ತರರ ಬಲಗೈ ಗಾಳಿಯನ್ನು ಹಿಡಿದಿತ್ತು. ಎಡಗೈ ಖಾಲಿ ಇತ್ತು. ಅದನ್ನು ಅವರು ನಿಧಾನವಾಗಿ ಎತ್ತಿದರು, ಕತ್ತಿನ ಬಳಿ ತಂದರು. ಎಂದೂ ಬಳಸದ ಕಾಜ ಬಿಗಿಯಾಗಿತ್ತು, ಒಂಟಿ ಕೈಯಲ್ಲಿ ಸುಲಭಕ್ಕೆ ಬಗ್ಗಲಿಲ್ಲ. ಬಿಡದೆ ಒತ್ತಿದರು. ಮೇಲಿನ ಗುಂಡಿ ಹಾಕಿಕೊಂಡರು.

ಗೊಂಬೆ ಅಲುಗಿದ್ದು ಕಂಡು ಜನ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ಮುಖ ಮುಚ್ಚಿಕೊಂಡಳು.

ಆಮೇಲೆ ಅವಳು ಹಿಂಬಾಗಿಲಿನಿಂದ ಬಂದು ದಾರ ಕಟ್ಟಿದಳು, ಅಪ್ಪನ ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು, ಓಡಬೇಕಾಯಿತು. ಏದುಸಿರಿನಲ್ಲಿ ಇಬ್ಬರಿಗೂ ಮಾತಾಡಲು ಆಗಲಿಲ್ಲ. ಬಸ್ಸು ಹೊರಟ ಮೇಲೆ ಮಾಸ್ತರರಿಗೆ ದಿಗಿಲಾಯಿತು. ಬಾಯಿ ಬಿಟ್ಟು ಒಂದೇ ಒಂದು ಒಳ್ಳೆ ಮಾತನ್ನೂ ಆಡಿರಲಿಲ್ಲ.

ಬೆಳಗಾಗಿ ಬಿಸಿಲೇರಿದ ಮೇಲೆ ಮನೆಯ ಬಾಗಿಲು ತಟ್ಟಿದರು.

"ಏನಂದ್ರಿ ಮಗಳಿಗೆ?" ಒಳಗಿನಿಂದ ಹೆಂಡತಿಯ ದನಿ.

ಮಾಸ್ತರರು ಚೀಲ ಕೆಳಗಿಟ್ಟರು. ಕೆಲಸದ ವಿಷಯ, ಸುಳ್ಳು ಹೇಳುವಂತಿಲ್ಲ. "ಏನೂ ಅನ್ನೋಕಾಗ್ಲಿಲ್ಲ ಕಣೇ. ಬಾಯಲ್ಲಿ ಗುಂಡುಸೂಜಿ ಇತ್ತು."

ಇವತ್ತು ಅಂಗಡಿಯೇ ಗತಿ ಎಂದು ಮಾಸ್ತರರು ತಿರುಗುವಷ್ಟರಲ್ಲಿ ಅಗುಳಿ ಸರಿಯಿತು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದರು. ಅತ್ತು ಕೆಂಪಾದ ಕಣ್ಣುಗಳಿಂದ ಗಂಡನ ಕತ್ತನ್ನೇ ನೋಡುತ್ತಿದ್ದರು. ಉರಿಬಿಸಿಲಿನಲ್ಲೂ ಆ ಗುಂಡಿಯನ್ನು ಮಾಸ್ತರರು ಬಿಚ್ಚಿರಲಿಲ್ಲ.

"ಆಗ್ಲೇ ಫೋನ್ ಮಾಡಿದ್ಲು" ಎಂದರು. "'ಅಮ್ಮಾ, ಅಪ್ಪ ಗುಂಡಿ ಹಾಕ್ಕೊಂಡ್ರು' ಅಂದ್ಲು. ಅದೊಂದನ್ನೇ ಹೇಳ್ತಾ ಇದ್ಲು. ಬನ್ನಿ ಒಳಗೆ."